ಪಹಣಿಯಲ್ಲಿ ರಾಗಿ, ನೆಲದ ಮೇಲೆ ಶೆಡ್ಡು

ಬೆಳಗಿನ ಆರು ಗಂಟೆಗೆಲ್ಲ ಹೊಸಕೋಟೆ–ಮಾಲೂರು ರಸ್ತೆಗೆ ಪೂರ್ತಿ ಎಚ್ಚರ. ಮಾಲೂರಿನ ಕಡೆಯಿಂದ ಇಟ್ಟಿಗೆ ಹೇರಿಕೊಂಡು ಬರುವ ಲಾರಿಗಳು, ಗೋದಾಮುಗಳ ಕಡೆಗೆ ತಿರುಗುವ ಉದ್ದುದ್ದ ಕಂಟೇನರ್‌ಗಳು, ಅವುಗಳ ಸಂದಿಯಲ್ಲಿ ಎರಡೂ ಕಡೆ ಹಾಲಿನ ಕ್ಯಾನು ಕಟ್ಟಿಕೊಂಡು ಡೇರಿಗೆ ಓಡುವ ಟಿವಿಎಸ್‌ಗಳು. ಜಡಿಗೇನಹಳ್ಳಿ ಹೊಸಕೋಟೆ ತಾಲ್ಲೂಕಿನ ಒಂದು ಹೋಬಳಿ. ಕೆಂಪು ಮಣ್ಣು, ರಾಗಿ, ಸಾಲಿಗೆ ಅವರೆ, ದಿಬ್ಬದ ಮೇಲೆ ನೀಲಗಿರಿ ತೋಪು. ಈಚೆಗೆ ಅದರ ನಡುನಡುವೆ ಪಾಲಿಹೌಸಿನ ಬಿಳಿ ಪ್ಲಾಸ್ಟಿಕ್ಕು, ಲೇಔಟಿನ ಬಣ್ಣ ಬಳಿದ ಕಲ್ಲುಗಳು, ಗೋದಾಮಿನ ತಗಡು ಚಾವಣಿ. ಜಿನ್ನಾಗರ ಕ್ರಾಸಿನಿಂದ ಹೊರಡುವ ಚೆನ್ನೈ ಎಕ್ಸ್‌ಪ್ರೆಸ್‌ವೇ ಬಂದ ಮೇಲೆ ಈ ಸೀಮೆಯಲ್ಲಿ ಎಕರೆ ಅಂದರೆ ಕೋಟಿಯ ಮಾತು.

ಹೊಲದ ಅಂಚಿಗೆ ಶೆಡ್ಡುಗಳು. ತಗಡು ನಿಲ್ಲಿಸಿ ಮೇಲೆ ನೀಲಿ ಟಾರ್ಪಾಲು ಹೊದಿಸಿ, ಗಾಳಿಗೆ ಹಾರದಿರಲೆಂದು ಸೈಜುಗಲ್ಲು, ಹಳೇ ಟೈರು ಹೇರಿದ್ದಾರೆ. ಬಾಗಿಲ ಜಾಗದಲ್ಲಿ ಸೀರೆ. ಹತ್ತು ಶೆಡ್ಡಿಗೆ ಒಂದು ನೀಲಿ ಡ್ರಮ್ಮು, ಅದರ ಮುಂದೆ ಬಿಂದಿಗೆಗಳ ಸಾಲು. ಒಬ್ಬಾಕೆ ಮೂರು ಇಟ್ಟಿಗೆ ಇಟ್ಟು, ನೀಲಗಿರಿ ಸೌದೆ ಹಚ್ಚಿ, ಸಾಸಿವೆ ಎಣ್ಣೆಯಲ್ಲಿ ಆಲೂಗಡ್ಡೆ ಹುರಿಯುತ್ತಾಳೆ; ಆ ಘಾಟು ನಮ್ಮ ಕಡೆಯದಲ್ಲ. ಅದೇ ಸಾಲಿನ ಕೊನೆಯ ಶೆಡ್ಡಿನಿಂದ ಜೋಳದ ರೊಟ್ಟಿ ತಟ್ಟುವ ಸದ್ದು ಬರುತ್ತದೆ. ಒಡಿಶಾ, ಬಿಹಾರ, ಪಶ್ಚಿಮ ಬಂಗಾಳ, ಅಸ್ಸಾಂ, ರಾಯಚೂರು, ಕಲಬುರಗಿ ಎಲ್ಲವೂ ಒಂದೇ ಟಾರ್ಪಾಲಿನ ಕೆಳಗೆ. ಹೌರಾ, ಗುವಾಹಟಿಯಿಂದ ಬಂದ ರೈಲು ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್‌ನಲ್ಲಿ ಇಳಿಸುತ್ತದೆ. ಮೇಸ್ತ್ರಿಯ ಫೋನಿನಲ್ಲಿ ಬಂದ ಲೊಕೇಷನ್ ಹಿಡಿದು ಇಲ್ಲಿಗೆ ತಲುಪುತ್ತಾರೆ.

ಟೀ ಅಂಗಡಿಯ ಮುಂದಿನ ಚಪ್ಪಡಿಯ ಮೇಲೆ ಮಾತು ನಡೆಯುವುದು ಈ ಶೆಡ್ಡುಗಳದೇ.

“ಟ್ಯಾಕ್ಸ್ ಕಟ್ಟೋರು ನಾವು, ತಿನ್ನೋರು ಅವ್ರು. ಎಲ್ಲಾ ಬಾಂಗ್ಲಾದೋರಂತೆ ಗೌಡ್ರೆ, ಟಿವೀಲಿ ಬಂತು,” ಅಂದ ಗೋದಾಮಿನಲ್ಲಿ ರಾತ್ರಿ ಪಾಳಿ ಮುಗಿಸಿ ಬಂದ ಹುಡುಗ.

“ಎಲ್ಲಾ ಅಂದ್ರೆ ಎಷ್ಟು ಜನಾನಪ್ಪಾ? ಆ ಕೊನೇ ಶೆಡ್ಡಿನೋರು ರಾಯಚೂರೋರು. ನಮ್ಮೋಳನ್ನ ‘ಯವ್ವಾ’ ಅಂತ ಕರೀತಾರೆ,” ಅಂದರು ಹಿರಿಯರು.

“ರಾಯಚೂರೋರನ್ನ ಬುಡಿ. ಮಿಕ್ಕೋರು? ಕೇಳಿದ್ರೆ ಎಲ್ರೂ ಆಧಾರ್ ತೋರಿಸ್ತಾರೆ.”

“ನಂಗೆ ಗೊತ್ತಿಲ್ಲಪ್ಪ ಅವ್ರು ಯಾವೂರೋ,” ಅಂದಳು ಲೋಟ ತೊಳೆಯುತ್ತಿದ್ದ ಅಂಗಡಿಯಾಕೆ. “ಬನ್ನು, ಬಿಸ್ಕತ್ತು, ಸೋಪು ಎಲ್ಲಾ ದುಡ್ಡು ಕೊಟ್ಟೇ ತಗೋತಾರೆ. ಸಾಲ ಬರೆಸೋರು ನೀವೇ ಜಾಸ್ತಿ.”

ಆಧಾರ್ ವಿಷಯದಲ್ಲಿ ಹುಡುಗ ಹೇಳಿದ್ದು ಸರಿ. ಆಧಾರ್ ಪೌರತ್ವದ ಪುರಾವೆಯಲ್ಲ. 2016ರ ಕಾಯ್ದೆ ಅದನ್ನು ಕೊಡುವುದು ನಿವಾಸಿಗೆ; ಅರ್ಜಿ ಹಾಕುವ ಮೊದಲಿನ ಹನ್ನೆರಡು ತಿಂಗಳಲ್ಲಿ 182 ದಿನ ಇಲ್ಲಿದ್ದರೆ ಸಾಕು. ಭಾಷೆಯಿಂದಲೂ ತಿಳಿಯುವುದಿಲ್ಲ. ಮುರ್ಷಿದಾಬಾದಿನವನೂ ಗಡಿಯಾಚೆಯ ರಾಜಶಾಹಿಯವನೂ ಆಡುವುದು ಬಂಗಾಳಿಯೇ. ಅಕ್ರಮವಾಗಿ ಗಡಿ ದಾಟಿ ಬಂದವರು ಬೆಂಗಳೂರಿನ ಸುತ್ತ ಸಿಕ್ಕಿಬಿದ್ದಿದ್ದಾರೆ, ಅದು ಪೊಲೀಸ್ ದಾಖಲೆ. ಜಡಿಗೇನಹಳ್ಳಿಯ ಈ ಸಾಲಿನಲ್ಲಿ ಅಂಥವರು ಇದ್ದಾರೆ ಎನ್ನಲು ಚಪ್ಪಡಿಯ ಮೇಲೆ ಕೂತ ಯಾರ ಬಳಿಯೂ ಆಧಾರವಿರಲಿಲ್ಲ.

ಆದರೂ ಆ ಹುಡುಗನ ಸಿಟ್ಟನ್ನು ನಾನು ತಳ್ಳಿಹಾಕಲಾರೆ. ಅವನ ಅಪ್ಪನ ಹೊಲ ಹೋಗಿದೆ, ಕೈಯಲ್ಲಿ ಪಿಯುಸಿ ಇದೆ. ಅವನೂ ಗೆಳೆಯರೂ ಪಾಳಿಗೆ ಐವತ್ತು ರೂಪಾಯಿ ಹೆಚ್ಚು ಕೇಳಿದರೆ, “ನೀವು ಬರಬೇಡಿ, ಬರೋರು ಅವ್ರೆ” ಎನ್ನುತ್ತಾನೆ ಗುತ್ತಿಗೆದಾರ. ಬರುವವನು ಹನ್ನೆರಡು ಗಂಟೆ ದುಡಿಯುತ್ತಾನೆ, ಹಬ್ಬಕ್ಕೆ ರಜೆ ಕೇಳುವುದಿಲ್ಲ, ಕೂಲಿ ಮುರಿದರೂ ದೂರು ಕೊಡುವುದಿಲ್ಲ. ಕಾಗದವಿಲ್ಲದವನಾದರೆ ದೂರು ಕೊಡಲು ಹೋದ ದಿನವೇ ಅವನು ಆರೋಪಿ. ಅವನ ಆ ಅಂಜಿಕೆಗೆ ಗುತ್ತಿಗೆದಾರನ ಜೇಬಿನಲ್ಲಿ ಬೆಲೆಯಿದೆ. ನಮ್ಮ ಹುಡುಗನ ಕೂಲಿ ಇಳಿಯುವುದು ಅಲ್ಲಿಂದ. ಅವನು ಬೈಯುವುದು ಮಾತ್ರ ಆಲೂಗಡ್ಡೆ ಹುರಿಯುವಾಕೆಯನ್ನು.

ತೆರಿಗೆದಾರರ ಮೇಲೆ ಬಿದ್ದ ಹೊರೆ ಎಷ್ಟು ಎನ್ನಲು ಮೊದಲು ತಲೆಗಳ ಲೆಕ್ಕ ಬೇಕು. 2004ರ ಜುಲೈನಲ್ಲಿ ಕೇಂದ್ರ ಗೃಹ ಖಾತೆ ರಾಜ್ಯ ಸಚಿವ ಶ್ರೀಪ್ರಕಾಶ್ ಜೈಸ್ವಾಲ್ ದೇಶದಲ್ಲಿರುವ ಅಕ್ರಮ ಬಾಂಗ್ಲಾದೇಶೀಯರು ಇಷ್ಟು ಎಂದು ಸಂಸತ್ತಿನಲ್ಲಿ 1,20,53,950 ಎಂಬ ಸಂಖ್ಯೆ ಕೊಟ್ಟರು. ಕೊನೆಯ ಐವತ್ತರವರೆಗೆ ಎಣಿಸಿದ ಲೆಕ್ಕ. ಕೆಲವೇ ದಿನಗಳಲ್ಲಿ ಅದು ನೆಚ್ಚುವಂಥ ಮಾಹಿತಿಯಲ್ಲ ಎಂದು ಅವರೇ ಹೇಳಬೇಕಾಯಿತು. 2016ರ ನವೆಂಬರ್‌ನಲ್ಲಿ ಅದೇ ಖಾತೆಯ ಕಿರಣ್ ರಿಜಿಜು ಸುಮಾರು 2 ಕೋಟಿ ಎಂದರು. ಕಳ್ಳದಾರಿಯಲ್ಲಿ ಬಂದವರ ನಿಖರ ಲೆಕ್ಕ ಇಲ್ಲವೆಂದು ಸರ್ಕಾರಗಳು ಬೇರೆ ಬೇರೆ ಸಲ ಒಪ್ಪಿಕೊಂಡಿವೆ. ತಲೆಯ ಲೆಕ್ಕವಿಲ್ಲದೆ ಖರ್ಚಿನ ಲೆಕ್ಕ ಹೇಳುವವರನ್ನು ಕಂಡರೆ, ಅವರು ಯಾವ ಪಕ್ಷದವರೇ ಆಗಲಿ, ನನಗೆ ನಂಬಿಕೆ ಬರುವುದಿಲ್ಲ.

ಲೆಕ್ಕ ಕಣ್ಣಿಗೆ ಕಾಣುವ ಜಾಗಗಳು ಬೇರೆ ಇವೆ. ಮಾಲೂರಿಗೆ ಹೋಗುವ ಕೆಂಪು ಬಸ್ಸು ಒಂದು. ಕಂಡಕ್ಟರು ಹೆಂಗಸರ ಸೀಟಿನ ಬಳಿ ಬಂದು ಕೈ ಚಾಚುತ್ತಾನೆ. ಕರ್ನಾಟಕದ ವಿಳಾಸದ ಗುರುತಿನ ಚೀಟಿ ಇದ್ದವರಿಗೆ ಸೊನ್ನೆ ಟಿಕೆಟ್ಟು. 2023ರ ಜೂನ್ 11ರಿಂದ ಶಕ್ತಿ ಯೋಜನೆ. ಪಕ್ಕದಲ್ಲಿ ಕೂತ ಶೆಡ್ಡಿನ ಹೆಂಗಸು ಸೆರಗಿನ ಗಂಟು ಬಿಚ್ಚಿ, ಮಡಿಸಿ ಮೆತ್ತಗಾದ ನೋಟು ತೆಗೆಯುತ್ತಾಳೆ. ಅವಳ ಕಾರ್ಡಿನಲ್ಲಿ ಬೇರೆ ರಾಜ್ಯದ ಜಿಲ್ಲೆ. ಅವಳು ಪೂರ್ತಿ ಚಾರ್ಜು ಕೊಡುತ್ತಾಳೆ. ಗೃಹಲಕ್ಷ್ಮಿಯ ಎರಡು ಸಾವಿರಕ್ಕೆ ಇಲ್ಲಿಯ ಪಡಿತರ ಚೀಟಿ ಬೇಕು, ಅನ್ನಭಾಗ್ಯಕ್ಕೂ ಅದೇ. ಬೇರೆ ರಾಜ್ಯದ ಚೀಟಿ ಇದ್ದವರಿಗೆ ‘ಒಂದು ದೇಶ ಒಂದು ಪಡಿತರ’ದಲ್ಲಿ ಹೆಬ್ಬೆಟ್ಟು ಒತ್ತಿ ಸಿಗುವುದು ಕೇಂದ್ರದ ಪಾಲು. ಕಾಗದವೇ ಇಲ್ಲದವನಿಗೆ ಯಾವುದೂ ಇಲ್ಲ. ಸುಳ್ಳು ಕಾಗದ ಮಾಡಿಸಿಕೊಂಡವರು ಇದ್ದರೆ ಅದು ಬೇರೆ ಅಪರಾಧ. ಅದಕ್ಕೆ ಮೊಹರು ಒತ್ತಿಕೊಟ್ಟವರು ಊರಿನವರೇ ಆಗಿರುತ್ತಾರೆ, ಅವರನ್ನೂ ಹಿಡಿಯಬೇಕು.

ಶೆಡ್ಡಿನವರು ಕಟ್ಟುವ ತೆರಿಗೆಯೂ ಇದೆ. ಸಂಜೆ ಶೆಡ್ಡಿನ ಹುಡುಗರು ಅಂಗಡಿಗೆ ಬಂದು 199 ರೂಪಾಯಿಯ ರೀಚಾರ್ಜ್ ಹಾಕಿಸಿದರೆ ಅದರಲ್ಲಿ 30 ರೂಪಾಯಿ ಜಿಎಸ್‌ಟಿ, ಅರ್ಧ ಕೇಂದ್ರಕ್ಕೆ, ಅರ್ಧ ರಾಜ್ಯಕ್ಕೆ. ಬೀಡಿ, ಸೋಪು, ಟಾರ್ಪಾಲು, ಚಪ್ಪಲಿ ಎಲ್ಲದರಲ್ಲೂ ಹೀಗೆ ಒಂದಷ್ಟು. ವಾರದ ಬಟವಾಡೆಯ ರಾತ್ರಿ ವೈನ್ ಶಾಪಿನಲ್ಲಿ ಕೊಡುವ ಕಾಸಿನಲ್ಲಿ ದೊಡ್ಡ ಪಾಲು ರಾಜ್ಯದ ಅಬಕಾರಿ ಬೊಕ್ಕಸಕ್ಕೆ. ಈ ತೆರಿಗೆ ಕಟ್ಟಲು ಯಾವ ಕಾರ್ಡೂ ತೋರಿಸಬೇಕಿಲ್ಲ.

ಶಾಲೆಯ ಖರ್ಚು ನಿಜ. 2009ರ ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಹದಿನಾಲ್ಕು ವರ್ಷದ ಮಗುವಿಗೆ ಶಾಲೆ ಕೊಡಬೇಕು ಎನ್ನುತ್ತದೆ, ಅಪ್ಪನ ಪಾಸ್‌ಪೋರ್ಟ್ ಕೇಳುವುದಿಲ್ಲ. ಬಿಸಿಯೂಟ, ಹಾಲು, ಮೊಟ್ಟೆ, ಪುಸ್ತಕ ಎಲ್ಲ ಸರ್ಕಾರದ್ದೇ. ಆದರೆ ಈ ಸೀಮೆಯ ಸರ್ಕಾರಿ ಶಾಲೆಗಳಿಗೆ ಹೋಗಿ ನೋಡಿ. ಊರಿನ ಮಕ್ಕಳು ಹಳದಿ ವ್ಯಾನು ಹತ್ತಿ ಇಂಗ್ಲಿಷ್ ಮೀಡಿಯಂಗೆ ಹೋಗಿಯಾಗಿದೆ. ಹಾಜರಿ ಇಳಿದಲ್ಲೆಲ್ಲ ಮೇಷ್ಟ್ರ ಹುದ್ದೆ ಅಲುಗಾಡುತ್ತಿದೆ, ಶಾಲೆ ಉಳಿಯುತ್ತದೋ ಇಲ್ಲವೋ ಎನ್ನುವ ಭಯವಿದೆ. ಅಲ್ಲಿ ಶೆಡ್ಡಿನಿಂದ ಬಂದ ಹುಡುಗಿಯೊಬ್ಬಳು ಸ್ಲೇಟಿನ ಮೇಲೆ ನಾಲಿಗೆ ಕಚ್ಚಿಕೊಂಡು ‘ಳ’ ತಿದ್ದುತ್ತಿದ್ದರೆ ಆ ಖರ್ಚನ್ನು ನಷ್ಟದ ಕಾಲಂಗೆ ಬರೆಯಲು ನನ್ನ ಕೈ ಏಳುವುದಿಲ್ಲ. ಅಮೆರಿಕದ ಟೆಕ್ಸಾಸ್ 1975ರಲ್ಲಿ ಕಾಗದವಿಲ್ಲದ ಮಕ್ಕಳ ಶಾಲೆಗೆ ಹಣ ನಿಲ್ಲಿಸುವ ಕಾನೂನು ಮಾಡಿತು. 1982ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು, ಐದಕ್ಕೆ ನಾಲ್ಕರ ಬಹುಮತದಲ್ಲಿ, ಅದನ್ನು ರದ್ದು ಮಾಡಿತು.

ಅಮೆರಿಕದಲ್ಲಿ ಈ ಜಗಳ ಬಹಳ ಹಳೆಯದು. 1994ರಲ್ಲಿ ಕ್ಯಾಲಿಫೋರ್ನಿಯಾ, ಟೆಕ್ಸಾಸ್, ಫ್ಲಾರಿಡಾ ಸೇರಿ ಆರು ರಾಜ್ಯಗಳು ‘ಗಡಿ ಕಾಯದೆ ಬಿಟ್ಟವರು ನೀವು, ಖರ್ಚು ನಮಗೆ ಬಿತ್ತು’ ಎಂದು ಒಕ್ಕೂಟ ಸರ್ಕಾರದ ಮೇಲೆ ದಾವೆ ಹೂಡಿ ಸೋತವು. 2007ರಲ್ಲಿ ಅಲ್ಲಿಯ ಸಂಸತ್ತಿನ ಬಜೆಟ್ ಕಚೇರಿ ಕೂತು ಲೆಕ್ಕ ನೋಡಿತು. ಕಾಗದವಿಲ್ಲದ ವಲಸಿಗರು ಕಟ್ಟುವ ತೆರಿಗೆ ರಾಜ್ಯ ಮತ್ತು ಸ್ಥಳೀಯ ಸಂಸ್ಥೆಗಳು ಮಾಡುವ ಖರ್ಚನ್ನು ಪೂರ್ತಿ ತುಂಬುವುದಿಲ್ಲ, ಆದರೆ ಒಟ್ಟು ಬಜೆಟ್ಟಿನಲ್ಲಿ ಆ ಕೊರತೆ ಸಣ್ಣದು ಎಂದು ಹೇಳಿತು. ಖರ್ಚು ಬೀಳುವುದು ಕೆಳಗಿನ ಸರ್ಕಾರದ ತಲೆಯ ಮೇಲೆ ಎಂಬ ಈ ಮಾತು ನಮಗೂ ಅನ್ವಯಿಸುತ್ತದೆ. ನಮ್ಮ ರಾಜ್ಯಕ್ಕಿಂತ ಕೆಳಗೆ, ಇನ್ನೂ ಬಡವಾದ ಒಂದು ಸರ್ಕಾರವಿದೆ. ಅದು ಗ್ರಾಮ ಪಂಚಾಯಿತಿ.

ಹೊಸಕೋಟೆ ತಾಲ್ಲೂಕಿನಲ್ಲಿ ಅಂತರ್ಜಲದ ಬಳಕೆ ಮಿತಿ ಮೀರಿ ಎಷ್ಟೋ ಕಾಲವಾಯಿತು. ಬೋರ್‌ವೆಲ್ ಸಾವಿರ ಅಡಿ ದಾಟಿದರೂ ನೀರು ಬರುತ್ತದೆಂಬ ಭರವಸೆಯಿಲ್ಲ. ನೀರುಗಂಟಿ ಬೆಳಗ್ಗೆ ಓವರ್‌ಹೆಡ್ ಟ್ಯಾಂಕಿನ ವಾಲ್ವ್ ತಿರುಗಿಸುವಾಗ ಅವನ ಮುಂದೆ ಎರಡು ಊರುಗಳಿರುತ್ತವೆ: ಕಾಗದದಲ್ಲಿರುವ ಊರು, ಮತ್ತೆ ಬಿಂದಿಗೆ ಹಿಡಿದು ನಿಂತಿರುವ ಊರು. ಪಂಚಾಯಿತಿಗೆ ಕುಡಿಯುವ ನೀರಿಗೂ ನೈರ್ಮಲ್ಯಕ್ಕೂ ದುಡ್ಡು ಬಂದದ್ದು 15ನೇ ಹಣಕಾಸು ಆಯೋಗದ ಅನುದಾನದಿಂದ. ಆ ಆಯೋಗ ಹಿಡಿದ ಜನಸಂಖ್ಯೆ 2011ರ ಜನಗಣತಿಯದು. 2021ರ ಗಣತಿ ನಡೆಯಲೇ ಇಲ್ಲ. ಹದಿನೈದು ವರ್ಷದಲ್ಲಿ ಈ ಹೋಬಳಿಗೆ ಬಂದು ಸೇರಿದವರು, ಒಡಿಶಾದವರಾಗಲಿ, ಕಲಬುರಗಿಯವರಾಗಲಿ, ಗಡಿಯಾಚೆಯವರೇ ಆಗಲಿ, ಆ ಲೆಕ್ಕದಲ್ಲಿ ಹುಟ್ಟಿಯೇ ಇಲ್ಲ. ಅವರ ನೀರು, ಕಸ, ಶೌಚ, ಚರಂಡಿ ಎಲ್ಲವೂ ಹಳೇ ತಲೆಗಳ ಲೆಕ್ಕಕ್ಕೆ ಬಂದ ದುಡ್ಡಿನಲ್ಲೇ ನಡೆಯಬೇಕು. ಊರಿನ ಹೆಂಗಸರು ಒಂದು ದಿನ ಬಿಟ್ಟು ಒಂದು ದಿನ ಬರುವ ನಲ್ಲಿಯ ಮುಂದೆ ನಿಂತು “ನಮ್ಗೇ ಇಲ್ಲ, ಅವ್ರಿಗೆ ಎಲ್ಲಿಂದ ತರೋದು” ಅಂದರೆ ಅದರಲ್ಲಿ ದ್ವೇಷ ಹುಡುಕಬಾರದು. ಆ ಕೊರತೆ ನಿಜವಾದದ್ದು.

ಇನ್ನೊಂದು ಖರ್ಚಿದೆ. ಅದರ ಸುದ್ದಿಯನ್ನು ಟೀ ಅಂಗಡಿಯಲ್ಲಿ ಯಾರೂ ಎತ್ತುವುದಿಲ್ಲ. ಪೌರತ್ವ, ವಿದೇಶಿಯರ ಪ್ರವೇಶ, ಹೊರಹಾಕುವಿಕೆ ಎಲ್ಲವೂ ಸಂವಿಧಾನದ ಕೇಂದ್ರ ಪಟ್ಟಿಯಲ್ಲಿವೆ. ಹಿಡಿಯುವ ಪೊಲೀಸು, ಇಡುವ ಜೈಲು, ಹಾಕುವ ಅನ್ನ ರಾಜ್ಯದ್ದು. 2019ರ ಅಕ್ಟೋಬರ್‌ನಲ್ಲಿ ಬೆಂಗಳೂರು ಪೊಲೀಸರು ಬಾಂಗ್ಲಾದೇಶದವರೆಂದು ಸುಮಾರು 60 ಮಂದಿಯನ್ನು ಹಿಡಿದರು, ಹೆಂಗಸರು ಮಕ್ಕಳೂ ಅದರಲ್ಲಿದ್ದರು. ನವೆಂಬರ್‌ನಲ್ಲಿ ಪೊಲೀಸ್ ಕಾವಲಿನಲ್ಲಿ ರೈಲು ಹತ್ತಿಸಿ ಹೌರಾಕ್ಕೆ ಒಯ್ದರು. ಸುಮಾರು ಎರಡು ಸಾವಿರ ಕಿಲೋಮೀಟರ್. ಅಲ್ಲಿಂದ ಗಡಿಗೆ. ಕೇಸು ಹಾಕಿದರೆ ದಾರಿ ಇನ್ನೂ ಉದ್ದ: ವಿಚಾರಣೆ, ಶಿಕ್ಷೆ, ಶಿಕ್ಷೆ ಮುಗಿದ ಮೇಲೆ ‘ಇವನು ನಮ್ಮವನು’ ಎಂದು ಆ ದೇಶ ಒಪ್ಪುವವರೆಗೆ ಕಾಯುವುದು. 1946ರ ವಿದೇಶಿಯರ ಕಾಯ್ದೆಯ ಜಾಗಕ್ಕೆ 2025ರ ಸೆಪ್ಟೆಂಬರ್ 1ರಿಂದ ಹೊಸ ಕಾಯ್ದೆ ಬಂದಿದೆ; ಕಾಯುವ ಕೆಲಸ ಮಾತ್ರ ಹಾಗೇ ಇದೆ.

ಹಾಗೆ ಕಾಯಿಸುವ ಮನೆ ಬೆಂಗಳೂರಿನ ಪಕ್ಕದಲ್ಲೇ ಇದೆ. ಜಡಿಗೇನಹಳ್ಳಿ ನಗರದ ಪೂರ್ವಕ್ಕಾದರೆ ನೆಲಮಂಗಲದ ಬಳಿಯ ಸೊಂಡೆಕೊಪ್ಪ ಪಶ್ಚಿಮದ ಕಡೆ. ಅಲ್ಲಿ ಸಮಾಜ ಕಲ್ಯಾಣ ಇಲಾಖೆಯ ವಿದ್ಯಾರ್ಥಿ ನಿಲಯವೊಂದಿತ್ತು. ಹಳ್ಳಿಯ ಬಡ ಹುಡುಗರು ಟ್ರಂಕು ತಂದಿಟ್ಟುಕೊಂಡು ಓದಲು ಕಟ್ಟಿದ ಕಟ್ಟಡ. ಹುಡುಗರು ಇಲ್ಲವಾಗಿ ಮುಚ್ಚಿತು. 2019ರ ಡಿಸೆಂಬರ್ ಹೊತ್ತಿಗೆ ಅದೇ ಕಟ್ಟಡಕ್ಕೆ ಎತ್ತರದ ಕಾಂಪೌಂಡು, ಮೇಲೆ ಮುಳ್ಳುತಂತಿ, ಮೂಲೆಯಲ್ಲಿ ಕಾವಲು ಗೋಪುರ ಎದ್ದು, ಕಾಗದವಿಲ್ಲದ ವಿದೇಶಿಯರನ್ನು ಇಡುವ ಕೇಂದ್ರವಾಯಿತು. ಕೋಣೆಗಳು ಕೆಲವೇ, ಹಿಡಿಸುವ ಜನ ಕೆಲವೇ ಡಜನ್ನು. ಸಂಸತ್ತಿನಲ್ಲಿ ಆಡುವ ಕೋಟಿಯ ಲೆಕ್ಕವನ್ನೂ ಈ ಕೋಣೆಗಳನ್ನೂ ಎದುರುಬದುರು ಇಟ್ಟರೆ, ಹಿಡಿದು ಕೂಡಿಹಾಕುವುದರಿಂದ ಈ ಸಮಸ್ಯೆ ಮುಗಿಯುವುದಿಲ್ಲವೆಂದು ಗೊತ್ತಾಗುತ್ತದೆ. ಅಲ್ಲಿಯ ಪೇದೆಗಳ ಸಂಬಳ, ಅಡುಗೆ, ದೀಪ ಎಲ್ಲ ತೆರಿಗೆದಾರರದೇ.

ತಪ್ಪಾಗಿ ಹಿಡಿದದ್ದರ ಖರ್ಚೂ ಇದೆ. 2020ರ ಜನವರಿ, ಬೆಳ್ಳಂದೂರಿನ ಬಳಿಯ ಕರಿಯಮ್ಮನ ಅಗ್ರಹಾರ. ಅಕ್ರಮ ಬಾಂಗ್ಲಾದೇಶೀಯರ ತಾಣ ಎಂದು ಸ್ಥಳೀಯ ಶಾಸಕರು ವಿಡಿಯೋ ಹಾಕಿದರು. ಪೊಲೀಸರು ಜಮೀನಿನ ಮಾಲೀಕರಿಗೆ ನೋಟಿಸು ಕೊಟ್ಟರು. ಕರೆಂಟು, ನೀರು ಕಟ್ಟಾಯಿತು, ಜೆಸಿಬಿ ಬಂತು, ನೂರಾರು ಶೆಡ್ಡು ನೆಲಸಮವಾದವು. ಬೀದಿಯಲ್ಲಿ ಪಾತ್ರೆ ಆರಿಸುತ್ತ ನಿಂತವರು ಗುರುತಿನ ಚೀಟಿ ತೆಗೆದು ತೋರಿಸಿದರು: ಅಸ್ಸಾಂ, ತ್ರಿಪುರಾ, ಬಂಗಾಳ, ಮತ್ತೆ ನಮ್ಮದೇ ಉತ್ತರ ಕರ್ನಾಟಕ. ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಹೈಕೋರ್ಟಿಗೆ ಹೋಯಿತು. ಮುಖ್ಯ ನ್ಯಾಯಮೂರ್ತಿ ಅಭಯ್ ಓಕಾ ಅವರ ಪೀಠ ತೆರವು ನಿಲ್ಲಿಸಿತು, ಪೊಲೀಸರಿಗೆ ಈ ಅಧಿಕಾರ ಎಲ್ಲಿಂದ ಬಂತು ಎಂದು ಕೇಳಿತು, ಸರ್ಕಾರ ಪರಿಹಾರ ಕೊಡಬೇಕಾಯಿತು. ಕೂಲಿ ಮಾಡಲು ಬಂದ ಕನ್ನಡಿಗನ ಶೆಡ್ಡನ್ನು ಕೆಡವಿದ್ದರ ಪರಿಹಾರವೂ ತೆರಿಗೆದಾರರ ಬೊಕ್ಕಸದ ಮೇಲೇ ಬಿತ್ತು. ಆ ಕೊನೆಯ ಶೆಡ್ಡಿನ ರಾಯಚೂರಿನವರು ಕರಿಯಮ್ಮನ ಅಗ್ರಹಾರದ ಹೆಸರು ಕೇಳಿದ್ದಾರೆ. ಆಧಾರ್, ವೋಟರ್ ಐಡಿ, ಪಡಿತರ ಚೀಟಿ ಮೂರನ್ನೂ ಒಂದೇ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಸೂರಿನ ಬಿದಿರಿಗೆ ಸಿಕ್ಕಿಸಿದ್ದಾರೆ.

ಬಂದವರನ್ನು ರಾಜ್ಯವೇ ಕೂರಿಸಿದ ಉದಾಹರಣೆಯೂ ಕರ್ನಾಟಕದಲ್ಲಿದೆ. ಪೂರ್ವ ಪಾಕಿಸ್ತಾನದಿಂದ ಓಡಿಬಂದ ಬಂಗಾಳಿ ಹಿಂದೂ ಕುಟುಂಬಗಳಿಗೆ 1970ರ ದಶಕದ ಆರಂಭದಲ್ಲಿ ಸಿಂಧನೂರಿನ ಬಳಿ ಆರ್‌.ಎಚ್. ಪುನರ್ವಸತಿ ಕ್ಯಾಂಪ್‌ಗಳಾದವು, ಜಮೀನು ಕೊಟ್ಟರು. ತುಂಗಭದ್ರಾ ಎಡದಂಡೆಯ ಸೀಮೆಯಲ್ಲಿ ಇಂದು ಅವರು ಭತ್ತ ಬೆಳೆಯುವ ರೈತರು, ಅವರ ಮಕ್ಕಳು ಕನ್ನಡ ಶಾಲೆಯಲ್ಲಿ ಓದಿದವರು. ಅಷ್ಟಾದರೂ ಪೌರತ್ವದ ಕಾಗದ ಅವರಲ್ಲಿ ಕೆಲವರಿಗೆ ಸಿಕ್ಕಿದ್ದು ಪೌರತ್ವ ತಿದ್ದುಪಡಿ ಕಾಯ್ದೆ (ಸಿಎಎ) ಅಡಿಯಲ್ಲಿ 2024ರಲ್ಲಿ. ಗಡಿ ಕದ್ದು ದಾಟಿದವನನ್ನು ಕಾನೂನು ಅದೇ ತಕ್ಕಡಿಯಲ್ಲಿ ತೂಗುವುದಿಲ್ಲ, ಸರಿ. ಬಂದ ವರ್ಷದ ಖರ್ಚನ್ನಷ್ಟೇ ನೋಡಿ ‘ಹೊರೆ’ ಎಂದು ಷರಾ ಬರೆದಿದ್ದರೆ ಸಿಂಧನೂರಿನ ಆ ಗದ್ದೆಗಳಿರುತ್ತಿರಲಿಲ್ಲ ಎಂಬುದೂ ಸರಿ.

ಪಂಚಾಯಿತಿ ಕಚೇರಿಯಲ್ಲಿ ಬಿಲ್ ಕಲೆಕ್ಟರ್ ಮುಂದೆ ಬೇಡಿಕೆ ವಹಿ ಬಿಚ್ಚಿದೆ. ಉದ್ದ ಗೆರೆ ಎಳೆದ ದಪ್ಪ ಪುಸ್ತಕ. ಮನೆಗಳಿವೆ, ಅಂಗಡಿಗಳಿವೆ, ಒಂದಿಷ್ಟು ಗೋದಾಮುಗಳಿವೆ. ಶೆಡ್ಡುಗಳಿಲ್ಲ.

“ಶೆಡ್ಡು ಇರೋದು ಹೊಲದಲ್ಲಿ ಸಾರ್,” ಅಂದರು ಅವರು. “ಪಹಣಿ ತೆಗೆದ್ರೆ ರಾಗಿ ಅಂತ ಬರ್ತದೆ. ರಾಗಿಗೆ ನಾನೆಲ್ಲಿ ಮನೆ ಕಂದಾಯ ಹಾಕ್ಲಿ?”

“ಬಾಡಿಗೆ ತಗೊಳ್ತವ್ರಲ್ಲ?”

“ತಗೊಳ್ತಾರೆ. ತಿಂಗಳಿಗೆ ಒಂದು ಶೆಡ್ಡಿಗೆ ಇಷ್ಟು ಅಂತ. ಕೈಯಾಗೇ.”

ಇಡೀ ಚರ್ಚೆಯಲ್ಲಿ ನನ್ನ ಮನಸ್ಸು ನಿಂತದ್ದು ಇಲ್ಲಿ. ಶೆಡ್ಡಿನ ಬಾಡಿಗೆ ಎಣಿಸುವ ಜಮೀನುದಾರ, ಕೂಲಿ ಮುರಿದುಕೊಳ್ಳುವ ಮೇಸ್ತ್ರಿ, ಅಗ್ಗದ ಕೈಗಳ ಮೇಲೆ ನಿಂತ ಗೋದಾಮು, ಇಟ್ಟಿಗೆ ಗೂಡು, ತಿಪ್ಪೆ ಆರಿಸಲು ಅವರನ್ನೇ ನೆಚ್ಚಿಕೊಂಡ ಬೆಂಗಳೂರಿನ ಅಪಾರ್ಟ್‌ಮೆಂಟು: ಲಾಭ ಪಡೆದ ಇವರ ಯಾರ ಹೆಸರೂ ‘ತೆರಿಗೆದಾರರ ಹೊರೆ’ಯ ಮಾತಿನಲ್ಲಿ ಬರುವುದಿಲ್ಲ. ವಲಸೆ ಕಾರ್ಮಿಕರನ್ನು ತರುವ ಗುತ್ತಿಗೆದಾರ ಪರವಾನಗಿ ಪಡೆಯಬೇಕು, ಕಾರ್ಮಿಕನಿಗೆ ಪಾಸ್‌ಬುಕ್ ಕೊಡಬೇಕು ಎಂದು 1979ರ ಕಾಯ್ದೆಯೇ ಹೇಳಿತ್ತು. 2025ರ ನವೆಂಬರ್ 21ರಿಂದ ಅದರ ಜಾಗದಲ್ಲಿ ಕಾರ್ಮಿಕ ಸಂಹಿತೆ ಬಂದಿದೆ. ಆ ಪಾಸ್‌ಬುಕ್ಕುಗಳು ನಿಜಕ್ಕೂ ಇದ್ದಿದ್ದರೆ ಯಾರು ಎಲ್ಲಿಂದ ಬಂದವರು ಎಂಬ ಪ್ರಶ್ನೆಗೆ ಅರ್ಧ ಉತ್ತರ ಮೇಸ್ತ್ರಿಯ ಪೆಟ್ಟಿಗೆಯಲ್ಲೇ ಸಿಗುತ್ತಿತ್ತು, ಜೆಸಿಬಿ ಬೇಕಾಗುತ್ತಿರಲಿಲ್ಲ. ಕಾಗದವಿಲ್ಲದವನನ್ನು ಕೆಲಸಕ್ಕೆ ಹಚ್ಚಿದವನಿಗೆ ದಂಡ ಬಿದ್ದಿದ್ದರೆ ಗೋದಾಮಿನ ಆ ಹುಡುಗನ ಕೂಲಿಯೂ ಇಳಿಯುತ್ತಿರಲಿಲ್ಲ.

ಹುಡುಗನಿಗೆ ಇದನ್ನು ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಗ್ರಾಮಸಭೇಲಿ ಕೇಳ್ತೀನಣ್ಣ,” ಅಂದ. “ಶೆಡ್ಡು ಹಾಕಿರೋ ಜಮೀನೋರೆಲ್ಲ ಪಂಚಾಯಿತಿಗೆ ನೀರಿನ ದುಡ್ಡು ಕಟ್ಲಿ. ಮೇಸ್ತ್ರಿ ಪಟ್ಟಿ ಕೊಡ್ಲಿ.”

“ಕೇಳಪ್ಪಾ,” ಅಂದರು ಹಿರಿಯರು. “ನನ್ನ ಹೊಲದಾಗೂ ನಾಲ್ಕು ಶೆಡ್ಡು ಅವೆ. ನನ್ನಿಂದಲೇ ಶುರು ಮಾಡು.”